ಹಿತ್ತಿಲಿನಿಂದ ಫೋನಿಗೆ, ಫೋನಿನಿಂದ ಮತ್ತೆ ಹಿತ್ತಿಲಿಗೆ: ಮಲೆನಾಡಿನ ಮಕ್ಕಳಿಗೆ ಗಿಡಮರ ಪರಿಚಯಿಸುವ ಸಮಗ್ರ ಮಾರ್ಗದರ್ಶಿ

ಹೋದ ವರ್ಷ ಮಳೆ ಹಿಡಿದ ಹೊಸತರಲ್ಲಿ ನನ್ನ ಮಗಳು ಹಿತ್ತಿಲಿನಿಂದ ಕೂಗಿದಳು. "ಅಮ್ಮಾ, ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ನಡೀತಾ ಇದೆ!" ಹೋಗಿ ನೋಡಿದರೆ ಕಂದು ಬಣ್ಣದ, ನಡುವೆ ಬಿಳಿ ಪಟ್ಟೆ ಇರುವ ಪುಟ್ಟ ಹುಳ. ಅವಳು ಹೇಳಿದ್ದು ಸರಿಯಾಗಿತ್ತು. ದೂರದಿಂದ ಅದು ಥೇಟ್ ಹಕ್ಕಿ ಹಿಕ್ಕೆಯೇ.

ಅವಳಿಗೆ ಒಂಬತ್ತು ವರ್ಷ. ಅಲ್ಲಿಯವರೆಗೆ ಫೋನ್ ಕೇಳುತ್ತಿದ್ದುದು ಕಾರ್ಟೂನಿಗೆ. ಅವತ್ತು ಮೊದಲ ಸಲ ಹುಳದ ಹೆಸರು ಹುಡುಕಲು ಕೇಳಿದಳು. ಇಬ್ಬರೂ ಜಗಲಿ ಮೇಲೆ ಕೂತು ಹುಡುಕಿದೆವು. ಕರಿಬೇವು, ನಿಂಬೆ ಗಿಡಗಳ ಮೇಲೆ ಮೊಟ್ಟೆ ಇಡುವ ಚಿಟ್ಟೆಗಳಿವೆ, ಅವುಗಳ ಮರಿಹುಳ ಚಿಕ್ಕದಿದ್ದಾಗ ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ, ದೊಡ್ಡದಾದಾಗ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬು ಹೊರಗೆ ಬಂದು ವಾಸನೆ ಬಿಡುತ್ತದೆ ಎಂದು ಗೊತ್ತಾಯಿತು. ಫೋನ್ ಅಲ್ಲಿಗೆ ಕೆಳಗಿಟ್ಟಳು. ಆಮೇಲೆ ಎರಡು ವಾರ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಕರಿಬೇವಿನ ಗಿಡದ ಹತ್ತಿರ ಓಡುತ್ತಿದ್ದಳು. ಕೊಂಬು ಬಂದ ದಿನ ಊರಿಗೇ ಕೇಳುವಂತೆ ಕಿರುಚಿದಳು.

ನಾನು ಈ ಬರಹದಲ್ಲಿ ಹೇಳಹೊರಟಿರುವುದು ಆ ಎರಡು ವಾರದ ಬಗ್ಗೆಯೇ. ಪ್ರಶ್ನೆ ಗಿಡದ ಹತ್ತಿರ ಹುಟ್ಟಬೇಕು. ಫೋನ್ ಅದಕ್ಕೆ ಅರ್ಧ ಉತ್ತರ ಕೊಟ್ಟರೆ ಸಾಕು. ಉಳಿದರ್ಧ ಹುಡುಕಲು ಮಗು ಮತ್ತೆ ಗಿಡದ ಹತ್ತಿರ ಹೋಗಬೇಕು. ಮಲೆನಾಡಿನಲ್ಲಿರುವ ನಮಗೆ ಇದು ಸುಲಭ. ಬಾಗಿಲು ತೆರೆದರೆ ಗಿಡ. ಶಿವಮೊಗ್ಗ ಪೇಟೆಯೊಳಗಿನ ಮನೆಯಾದರೂ ಗೋಡೆಯ ಬಿರುಕಿನಲ್ಲಿ ಒಂದು ಜರಿಗಿಡ ಇದ್ದೇ ಇರುತ್ತದೆ.

ಮೊದಲು ಒಂದು ಗಿಡ ಆರಿಸಿ

ಆ್ಯಪ್ ಹಾಕಿಕೊಳ್ಳುವ ಮೊದಲು ಮಗುವಿಗೆ ಒಂದು ಗಿಡ ಆರಿಸಲು ಹೇಳಿ. ನೀವು ಆರಿಸಬೇಡಿ. ನಿಮಗೆ ಸಂಪಿಗೆ ಇಷ್ಟ ಇರಬಹುದು, ಮಗುವಿಗೆ ಮುಟ್ಟಿದರೆ ಮುನಿ ಇಷ್ಟ ಇರಬಹುದು. ಅದೇ ಇರಲಿ.

ಒಂದು ನೋಟ್‌ಬುಕ್ ಕೊಡಿ. ಗಿಡದ ಹೆಸರು ಗೊತ್ತಿದ್ದರೆ ಬರೆಯಲಿ, ಇಲ್ಲದಿದ್ದರೆ ಮಗುವೇ ಒಂದು ಹೆಸರು ಇಡಲಿ. ಎಲೆಯ ಚಿತ್ರ ಬಿಡಿಸಲಿ. ಚಿತ್ರ ಚೆನ್ನಾಗಿ ಬರಬೇಕೆಂದೇನೂ ಇಲ್ಲ. ಆದರೆ ಬಿಡಿಸಲು ಕೂತ ಮಗು ಎಲೆಯ ಅಂಚು ಗರಗಸದಂತಿದೆಯೋ ನುಣುಪಾಗಿದೆಯೋ ಎಂದು ನೋಡಲೇಬೇಕಾಗುತ್ತದೆ. ಚಿತ್ರದ ಕೆಳಗೆ ಮೂರು ಪ್ರಶ್ನೆ ಬರೆಯಲು ಹೇಳಿ. "ಇದರ ಎಲೆ ರಾತ್ರಿ ಯಾಕೆ ಮುಚ್ಚಿಕೊಳ್ಳುತ್ತೆ?" "ಇದನ್ನು ದನ ಯಾಕೆ ತಿನ್ನಲ್ಲ?" ಇಂಥವು. ಈ ಪ್ರಶ್ನೆಗಳು ಕೈಯಲ್ಲಿದ್ದರೆ ಮಾತ್ರ ಫೋನ್ ತೆಗೆಯಿರಿ. ಪ್ರಶ್ನೆ ಇಲ್ಲದೆ ತೆಗೆದರೆ ಹತ್ತು ನಿಮಿಷದಲ್ಲಿ ಬೇರೆ ಯಾವುದೋ ವಿಡಿಯೊದಲ್ಲಿ ಇರುತ್ತೀರಿ.

ಫೋನ್ ಸಿದ್ಧ ಮಾಡಿಕೊಳ್ಳುವುದು

ಆ್ಯಪ್‌ಗಳು ನೂರಾರಿವೆ. ನನ್ನ ಅನುಭವದಲ್ಲಿ ಶುರುವಿಗೆ ಎರಡು ಸಾಕು.

ಮೊದಲನೆಯದು ಸೀಕ್. ಐನ್ಯಾಚುರಲಿಸ್ಟ್ ಸಂಸ್ಥೆಯವರು ಮಾಡಿದ ಉಚಿತ ಆ್ಯಪ್. ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದಾರೆ. ಖಾತೆ ತೆರೆಯಬೇಕಿಲ್ಲ, ಹೆಸರು, ಫೋನ್ ನಂಬರ್ ಕೊಡಬೇಕಿಲ್ಲ. ಗಿಡದ ಮುಂದೆ ಕ್ಯಾಮೆರಾ ಹಿಡಿದರೆ ಅದು ಹಂತ ಹಂತವಾಗಿ ಹೇಳುತ್ತಾ ಹೋಗುತ್ತದೆ. ಮೊದಲು ಇದೊಂದು ಸಸ್ಯ ಎನ್ನುತ್ತದೆ. ಆಮೇಲೆ ಹೂಬಿಡುವ ಸಸ್ಯ, ಆಮೇಲೆ ಇಂಥ ಕುಟುಂಬ, ಇಂಥ ಜಾತಿ. ಹತ್ತಿರ ಹೋದಂತೆ, ಕೋನ ಬದಲಿಸಿದಂತೆ ಉತ್ತರ ಖಚಿತವಾಗುತ್ತಾ ಹೋಗುತ್ತದೆ. ಗುರುತಿಸುವುದೆಂದರೆ ಹೀಗೆ ಮೆಟ್ಟಿಲು ಇಳಿದಂತೆ ಎಂದು ಮಕ್ಕಳಿಗೆ ಯಾರೂ ಹೇಳಿಕೊಡದೆಯೇ ಗೊತ್ತಾಗುತ್ತದೆ. ಇನ್ನೊಂದು ಅನುಕೂಲ, ಗುರುತಿಸುವ ಕೆಲಸ ಫೋನಿನೊಳಗೇ ನಡೆಯುತ್ತದೆ. ನೆಟ್‌ವರ್ಕ್ ಇಲ್ಲದ ತೋಟದ ತಗ್ಗಿನಲ್ಲೂ ಇದನ್ನು ಬಳಸಬಹುದು.

ಎರಡನೆಯದು ಐನ್ಯಾಚುರಲಿಸ್ಟ್. ಇದು 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾಯಿತು. ಇಲ್ಲಿ ನೀವು ಹಾಕಿದ ಫೋಟೊವನ್ನು ಮನುಷ್ಯರು ನೋಡುತ್ತಾರೆ. ಗಿಡ ಬಲ್ಲವರು ಬಂದು ಹೆಸರು ಹೇಳುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ. ಇದಕ್ಕೆ ಖಾತೆ ಬೇಕು. ಹದಿಮೂರು ವರ್ಷದೊಳಗಿನ ಮಕ್ಕಳು ತಾವಾಗಿ ಖಾತೆ ತೆರೆಯುವಂತಿಲ್ಲ. ಹಾಗಾಗಿ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ, ಮಗು ನಿಮ್ಮ ಪಕ್ಕ ಕೂತು ಬಳಸಲಿ. ಖಾತೆಯ ಚಿತ್ರಕ್ಕೆ ಮಗುವಿನ ಫೋಟೊ ಬೇಡ. ಯಾವುದಾದರೂ ಹೂವಿನದು ಹಾಕಿ.

ಒಂದು ವಿಷಯ ಮಾತ್ರ ಮರೆಯಬೇಡಿ. ನೀವು ಮನೆ ಅಂಗಳದಲ್ಲಿ ತೆಗೆದ ಫೋಟೊದಲ್ಲಿ ಜಾಗದ ವಿವರವೂ ಇರುತ್ತದೆ. ಹಾಕುವಾಗ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ. ಅದನ್ನು ಆರಿಸಿದರೆ ನಕ್ಷೆಯಲ್ಲಿ ನಿಮ್ಮ ಮನೆಯ ನಿಖರ ಜಾಗ ಬೇರೆಯವರಿಗೆ ಕಾಣುವುದಿಲ್ಲ, ಸುತ್ತಲಿನ ಒಂದು ದೊಡ್ಡ ಪ್ರದೇಶ ಮಾತ್ರ ಕಾಣುತ್ತದೆ. ಮನೆಯಿಂದ ಹಾಕುವ ಪ್ರತಿ ಫೋಟೊಗೂ ಹೀಗೆ ಮಾಡಿ.

ಮಗು ಒಂದಿಷ್ಟು ಪಳಗಿದ ಮೇಲೆ ಪ್ಲಾಂಟ್‌ನೆಟ್ ಸೇರಿಸಿಕೊಳ್ಳಬಹುದು. ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳದ್ದು. ಫೋಟೊದಲ್ಲಿರುವುದು ಎಲೆಯೋ, ಹೂವೋ, ಕಾಯಿಯೋ, ತೊಗಟೆಯೋ ಎಂದು ಕೇಳುತ್ತದೆ. ಆ ಪ್ರಶ್ನೆಯೇ ಒಂದು ಪಾಠ.

ಫೋಟೊ ತೆಗೆಯುವುದನ್ನು ಕಲಿಸಿ

ಇಲ್ಲಿ ಸಮಯ ಕೊಡಿ. ಹೆಚ್ಚಿನವರು ಆ್ಯಪ್ ತಪ್ಪು ಹೇಳಿತು ಎಂದು ಕೈಬಿಡುವುದು ಫೋಟೊ ಸರಿ ಇಲ್ಲದ್ದರಿಂದ. ದೂರದಿಂದ ನಾಲ್ಕು ಗಿಡ ಒಟ್ಟಿಗೆ ಬರುವಂತೆ ತೆಗೆದರೆ ಅದು ಯಾವ ಗಿಡದ ಹೆಸರು ಹೇಳಬೇಕು ಹೇಳಿ?

ನಾನು ಮಗಳಿಗೆ ಹೇಳಿಕೊಟ್ಟ ಕ್ರಮ ಹೀಗಿದೆ. ಮೊದಲು ಇಡೀ ಗಿಡ ಅಥವಾ ಮರ. ಅದು ನೆಟ್ಟಗೆ ಬೆಳೆದಿದೆಯೋ, ಹಬ್ಬಿದೆಯೋ, ಬೇರೆ ಮರದ ಮೇಲೆ ಕೂತಿದೆಯೋ ತಿಳಿಯಬೇಕು. ಎರಡನೆಯದು ಒಂದು ಟೊಂಗೆ. ಎಲೆಗಳು ಎದುರುಬದುರಾಗಿ ಜೋಡಿಯಾಗಿವೆಯೋ, ಒಂದು ಆಚೆ ಒಂದು ಈಚೆ ಇವೆಯೋ ಅದರಲ್ಲಿ ಕಾಣಬೇಕು. ಮೂರನೆಯದು ಎಲೆಯ ಮೇಲ್ಭಾಗ, ನಾಲ್ಕನೆಯದು ಅದೇ ಎಲೆಯ ಕೆಳಭಾಗ. ಕೆಳಭಾಗವನ್ನು ಎಲ್ಲರೂ ಮರೆಯುತ್ತಾರೆ. ನರಗಳು, ರೋಮ, ಬಣ್ಣದ ವ್ಯತ್ಯಾಸ ಎಲ್ಲ ಅಲ್ಲೇ ಇರುವುದು. ಹೂ ಇದ್ದರೆ ಎದುರಿನಿಂದ ಒಂದು, ಪಕ್ಕದಿಂದ ಒಂದು. ಕಾಯಿ ಇದ್ದರೆ ಅದರದ್ದು. ದೊಡ್ಡ ಮರವಾದರೆ ತೊಗಟೆಯದ್ದೂ ಇರಲಿ. ಎಲೆಯ ಪಕ್ಕ ಮಗು ತನ್ನ ಬೆರಳು ಇಟ್ಟರೆ ಗಾತ್ರ ತಿಳಿಯುತ್ತದೆ.

ಚಿಕ್ಕ ಹೂವಿಗೆ ಕ್ಯಾಮೆರಾ ಫೋಕಸ್ ಆಗುವುದಿಲ್ಲ. ಹಿಂದೆ ಒಂದು ಕೈ ಅಡ್ಡ ಹಿಡಿದರೆ ಆಗುತ್ತದೆ. ಮಳೆಗಾಲದಲ್ಲಿ ಲೆನ್ಸ್ ಮೇಲೆ ಹಬೆ ಕೂರುತ್ತದೆ, ಒರೆಸಿಕೊಳ್ಳಲು ಒಂದು ಹತ್ತಿಬಟ್ಟೆ ಜೇಬಿನಲ್ಲಿರಲಿ. ಗಾಳಿ ಬೀಸುವಾಗ ಟೊಂಗೆಯನ್ನು ಮೆಲ್ಲಗೆ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ಇಬ್ಬರು ಮಕ್ಕಳಿದ್ದರೆ ಈ ಕೆಲಸ ಹಂಚಿಕೊಳ್ಳುತ್ತಾರೆ, ಜಗಳವೂ ಕಡಿಮೆ.

ಒಂದೇ ಗಿಡದ ಈ ಎಲ್ಲ ಫೋಟೊಗಳನ್ನು ಐನ್ಯಾಚುರಲಿಸ್ಟ್‌ನಲ್ಲಿ ಒಟ್ಟಿಗೆ ಒಂದೇ ದಾಖಲೆಯಾಗಿ ಹಾಕಿ. ನೀವೇ ನೆಟ್ಟ ದಾಸವಾಳ, ಗುಲಾಬಿಯಾದರೆ "ಬೆಳೆಸಿದ್ದು" ಎಂದು ಗುರುತು ಹಾಕಿ. ತಾನಾಗಿ ಬೆಳೆದ ಗಿಡ ಯಾವುದು, ಮನುಷ್ಯ ನೆಟ್ಟಿದ್ದು ಯಾವುದು ಎಂದು ಮಗು ಯೋಚಿಸಲು ಶುರು ಮಾಡುವುದು ಇಲ್ಲೇ.

ಆ್ಯಪ್ ಹೇಳಿದ ಹೆಸರನ್ನು ಪರೀಕ್ಷಿಸುವುದು

ಮಳೆಗಾಲದಲ್ಲಿ ನಮ್ಮ ಹಲಸಿನ ಮರದ ಕಾಂಡದ ಮೇಲೆ ಮರಗೆಸು ಚಿಗುರುತ್ತದೆ. ಪತ್ರೊಡೆಗೆ ಅದರ ರುಚಿಯೇ ಬೇರೆ. ಮಗಳು ಅದರ ಒಂದೇ ಒಂದು ಎಲೆಯ ಫೋಟೊ ತೆಗೆದಳು. ಆ್ಯಪ್ ಒಂದು ಅದನ್ನು ಕುಂಡದಲ್ಲಿ ಬೆಳೆಸುವ ಅಲಂಕಾರದ ಗಿಡ ಎಂದಿತು. ಅತ್ತೆ ಅಡುಗೆಮನೆಯಿಂದಲೇ ಕೇಳಿಸಿಕೊಂಡು, "ಅದು ಮರದ ಮೇಲಿತ್ತು ಅಂತ ನಿನ್ನ ಫೋನಿಗೆ ಹೇಳಿದ್ಯಾ ಪುಟ್ಟಿ?" ಎಂದರು.

ಎಷ್ಟು ಸರಿಯಾದ ಪ್ರಶ್ನೆ ಅಲ್ವಾ. ಮರ ಸಮೇತ ಇನ್ನೊಂದು ಫೋಟೊ ತೆಗೆದು ಹಾಕಿದ ಮೇಲೆ ಸರಿಯಾದ ಹೆಸರು ಬಂತು: ರೆಮುಸೇಶಿಯಾ ವಿವಿಪಾರಾ.

ಅವತ್ತಿನಿಂದ ಆ್ಯಪ್ ಹೇಳಿದ ಹೆಸರನ್ನು ನಾವು ಮೂರು ಪ್ರಶ್ನೆ ಕೇಳಿ ಪರೀಕ್ಷಿಸುತ್ತೇವೆ. ಆ ಹೆಸರಿನ ಬೇರೆ ಫೋಟೊಗಳನ್ನು ತೆರೆದು ನೋಡಿದಾಗ ಎಲೆ, ಹೂ, ಕಾಯಿ ಮೂರೂ ಹೋಲುತ್ತವೆಯೇ? ಆ ಗಿಡ ಪಶ್ಚಿಮಘಟ್ಟದಲ್ಲಿ ಬೆಳೆಯುತ್ತದೆಯೇ? ಈ ತಿಂಗಳಲ್ಲಿ ಹೂ ಬಿಡುತ್ತದೆಯೇ? ಒಂದಕ್ಕೆ ಇಲ್ಲ ಎಂದು ಬಂದರೂ ಪೆನ್ಸಿಲಿನಲ್ಲಿ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತೇವೆ.

ಎರಡನೇ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುವ ಜಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಿಜಿಟಲ್ ಫ್ಲೋರಾ ಆಫ್ ಕರ್ನಾಟಕ ಎಂಬ ಜಾಲತಾಣ. ಒಂದು ಸಸ್ಯ ನಮ್ಮ ರಾಜ್ಯದಲ್ಲಿ ಎಲ್ಲೆಲ್ಲಿ ದಾಖಲಾಗಿದೆ ಎಂದು ಅಲ್ಲಿ ಹುಡುಕಬಹುದು. ಭಾಷೆ ಮಕ್ಕಳಿಗೆ ಕಷ್ಟ, ನೀವು ಜೊತೆಗಿರಬೇಕು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಕೂಡ ಇದಕ್ಕೆ ಉಪಯೋಗ. ಚಿಟ್ಟೆಗಳಿಗಾದರೆ ಬಟರ್‌ಫ್ಲೈಸ್ ಆಫ್ ಇಂಡಿಯಾ. ಯಾವ ಚಿಟ್ಟೆಯ ಮರಿಹುಳ ಯಾವ ಗಿಡದ ಎಲೆ ತಿನ್ನುತ್ತದೆ ಎನ್ನುವ ಪಟ್ಟಿ ಅದರಲ್ಲಿದೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಈಶ್ವರಿ ಬಳ್ಳಿಯ ಜಾತಿಯ ಬಳ್ಳಿಗಳ ಮೇಲೆ ಮೊಟ್ಟೆ ಇಡುತ್ತದೆ. ಇದು ಗೊತ್ತಾದ ಮೇಲೆ ಬೇಲಿಯಲ್ಲಿ ಆ ಬಳ್ಳಿ ಕಂಡರೆ ನಮ್ಮ ಮನೆಯಲ್ಲಿ ಯಾರೂ ಸವರುವುದಿಲ್ಲ.

ಐನ್ಯಾಚುರಲಿಸ್ಟ್‌ನಲ್ಲಿ ಕನಿಷ್ಠ ಇಬ್ಬರು ಒಂದೇ ಹೆಸರು ಹೇಳಿ, ಹೇಳಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಜನ ಒಪ್ಪಿದರೆ ಆ ದಾಖಲೆ ಸಂಶೋಧನೆಗೆ ಬಳಸಬಹುದಾದ ಮಟ್ಟಕ್ಕೆ ಏರುತ್ತದೆ. ತಾನು ತೆಗೆದ ಫೋಟೊಗೆ ಆ ಹಸಿರು ಗುರುತು ಬಿದ್ದ ದಿನ ಮಗುವಿನ ಮುಖ ನೋಡಬೇಕು.

ಅಜ್ಜಿಯ ಹೆಸರು, ಪುಸ್ತಕದ ಹೆಸರು

ಆನ್‌ಲೈನ್‌ನಲ್ಲಿ ಕಲಿಯುವ ಮಕ್ಕಳು ಕನ್ನಡದ ಹೆಸರು ಕಳೆದುಕೊಳ್ಳುತ್ತಾರೆ ಎಂಬ ಭಯ ನನಗಿತ್ತು. ಈಗಲೂ ಸ್ವಲ್ಪ ಇದೆ. ಆ್ಯಪ್ ಇಂಗ್ಲಿಷ್ ಹೆಸರು ಕೊಡುತ್ತದೆ, ಮಗು ಅದನ್ನೇ ಹಿಡಿಯುತ್ತದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಪ್ರತಿ ಗಿಡಕ್ಕೂ ಎರಡು ಸಾಲು ಮಾಡಿಸಿ. ಒಂದರಲ್ಲಿ ಮನೆಯಲ್ಲಿ ಕರೆಯುವ ಹೆಸರು, ಇನ್ನೊಂದರಲ್ಲಿ ವೈಜ್ಞಾನಿಕ ಹೆಸರು. ಇಂಗ್ಲಿಷ್ ಹೆಸರಿಗೆ ಸಾಲು ಬೇಡ. ಅದು ಬೇಕಾದಾಗ ತಾನಾಗಿ ಬರುತ್ತದೆ.

ವೈಜ್ಞಾನಿಕ ಹೆಸರು ಯಾಕೆ ಬೇಕು ಎಂದು ಮಗು ಕೇಳುತ್ತದೆ. ಮುರುಗಲು ತೋರಿಸಿ. ನಾವು ಮುರುಗಲು ಎನ್ನುತ್ತೇವೆ, ಘಟ್ಟ ಇಳಿದರೆ ಪುನರ್ಪುಳಿ, ಇನ್ನೂ ಉತ್ತರಕ್ಕೆ ಹೋದರೆ ಕೋಕಂ. ಮೂರೂ ಗಾರ್ಸಿನಿಯಾ ಇಂಡಿಕಾ. ಇದಕ್ಕೆ ತಿರುಗಾಮುರುಗಾ ಆಗಿರುವುದು ಗೌರಿ ಹೂ. ಕೆಲವು ಊರುಗಳಲ್ಲಿ ಗೌರಿ ಹೂ ಎಂದರೆ ಕರ್ಣಕುಂಡಲ. ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಹಾರುತ್ತದಲ್ಲ, ಅದು. ಇನ್ನು ಕೆಲವು ಊರುಗಳಲ್ಲಿ ಗೌರಿ ಹೂ ಎಂದರೆ ಬೆಂಕಿಯಂತೆ ಕೆಂಪು ಹಳದಿ ದಳಗಳನ್ನು ಮೇಲಕ್ಕೆ ಮಡಚಿಕೊಂಡಿರುವ ಅಗ್ನಿಶಿಖೆ, ಗ್ಲೋರಿಯೋಸಾ ಸುಪರ್ಬಾ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡ ಹಿಡಿದುಕೊಳ್ಳುತ್ತದೆ. ನೋಡಲು ಎಷ್ಟು ಚಂದವೋ ಗಡ್ಡೆ ಅಷ್ಟೇ ವಿಷ. ಒಂದೇ ಹೆಸರಿನ ಎರಡು ಗಿಡದಲ್ಲಿ ಒಂದು ಜೀವ ತೆಗೆಯಬಲ್ಲದು. ಇದನ್ನು ಹೇಳಿದ ಮೇಲೆ ನನ್ನ ಮಗಳು ಲ್ಯಾಟಿನ್ ಹೆಸರಿಗೆ ಗೊಣಗಲಿಲ್ಲ.

ಮನೆಯ ಹೆಸರು ಸಂಗ್ರಹಿಸಲು ಫೋನಿನ ವಾಯ್ಸ್ ರೆಕಾರ್ಡರ್ ಬಳಸಿ. ಅಜ್ಜಿಯನ್ನೋ, ತೋಟದ ಕೆಲಸಕ್ಕೆ ಬರುವವರನ್ನೋ, ದನ ಕಾಯುವ ಅಜ್ಜನನ್ನೋ ಮಗುವೇ ಕೇಳಲಿ. "ಇದಕ್ಕೆ ನೀವು ಏನಂತೀರಿ? ಏನಕ್ಕೆ ಬಳಸ್ತೀರಿ?" ಎರಡೇ ಪ್ರಶ್ನೆ ಸಾಕು. ನಮ್ಮ ಅತ್ತೆ ಒಂದೆಲಗದ ತಂಬುಳಿಯಿಂದ ಶುರು ಮಾಡಿ ಒಂದೇ ಸಂಜೆ ಇಪ್ಪತ್ತಾರು ಸೊಪ್ಪಿನ ಹೆಸರು ಹೇಳಿದರು. ಅದರಲ್ಲಿ ಅರ್ಧದಷ್ಟು ನನಗೂ ಗೊತ್ತಿರಲಿಲ್ಲ.

ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಗಿಡದ ಹೆಸರುಗಳು ಕನ್ನಡದಲ್ಲಿ ಕಾಣುವಂತೆ ಸೆಟ್ಟಿಂಗ್ಸ್ ಬದಲಿಸಿಕೊಳ್ಳಬಹುದು. ಕನ್ನಡ ಹೆಸರು ಇಲ್ಲದ ಗಿಡಕ್ಕೆ ನೀವೇ ಸೇರಿಸಲೂಬಹುದು. ಸೇರಿಸುವ ಮೊದಲು ಊರಿನ ಇಬ್ಬರು ಮೂವರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಕನ್ನಡ ವಿಕಿಪೀಡಿಯದಲ್ಲೂ ನಮ್ಮ ಎಷ್ಟೋ ಗಿಡಗಳ ಪುಟ ತೀರಾ ಚಿಕ್ಕದು. ಹೈಸ್ಕೂಲು ಮಕ್ಕಳು ನಾಲ್ಕು ಸಾಲು ಸೇರಿಸಿದರೂ ಮುಂದೆ ಹುಡುಕುವ ಮಗುವಿಗೆ ಸಿಗುತ್ತದೆ.

ಈ ಗಿಡ ಎಲ್ಲಿಂದ ಬಂತು?

ರಜೆಯ ಒಂದು ಮಧ್ಯಾಹ್ನಕ್ಕೆ ಒಳ್ಳೆಯ ಕೆಲಸ ಇದು. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್ ಎಂಬ ತಾಣದಲ್ಲಿ ವೈಜ್ಞಾನಿಕ ಹೆಸರು ಹಾಕಿದರೆ ಪ್ರಪಂಚದ ನಕ್ಷೆ ಬರುತ್ತದೆ. ಗಿಡದ ಮೂಲ ನೆಲ ಹಸಿರು ಬಣ್ಣದಲ್ಲಿ, ಆಮೇಲೆ ಹೋಗಿ ಸೇರಿದ ಜಾಗ ನೇರಳೆ ಬಣ್ಣದಲ್ಲಿ ಇರುತ್ತದೆ. ಓದಲು ಬಾರದ ಮಗುವಿಗೂ ಅರ್ಥವಾಗುತ್ತದೆ.

ಮನೆ ಸುತ್ತಲಿನ ಹತ್ತು ಗಿಡದ ಪಟ್ಟಿ ಮಾಡಿ, ಮೊದಲು ಮಗು ಊಹೆ ಮಾಡಲಿ, ಆಮೇಲೆ ನಕ್ಷೆ ತೆಗೆಯಿರಿ. ಮುಟ್ಟಿದರೆ ಮುನಿ ಅಮೆರಿಕ ಖಂಡದ್ದು. ಪಪ್ಪಾಯಿ, ಪೇರಲೆ, ಅನಾನಸು, ಗೇರು, ಮೆಣಸಿನಕಾಯಿ ಎಲ್ಲವೂ ಅಲ್ಲಿಯವೇ. ಗುಡ್ಡ ತುಂಬಿದ ಲಂಟಾನಾ, ಯುಪಟೋರಿಯಂ ಕೂಡ. ನೆಡುತೋಪಿನ ಅಕೇಶಿಯಾ ಆಸ್ಟ್ರೇಲಿಯಾದ ಕಡೆಯದು. ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯವಾಗಿದ್ದು ಅಡಿಕೆ. ಅದರ ಮೂಲ ಆಗ್ನೇಯ ಏಷ್ಯಾ. ಆದರೆ ಅದರ ಮೇಲೆ ಹಬ್ಬಿರುವ ಕಾಳುಮೆಣಸಿನ ಬಳ್ಳಿ ನಮ್ಮ ಘಟ್ಟದ್ದೇ, ಏಲಕ್ಕಿಯೂ ನಮ್ಮದೇ. ನನ್ನ ಮಗಳು ತೋಟಕ್ಕೆ ಹೋಗಿ ಮರ, ಬಳ್ಳಿ ಎರಡನ್ನೂ ಮುಟ್ಟಿ ನೋಡಿ ಬಂದಳು.

ಹೊರಗಿನ ಗಿಡವೆಲ್ಲ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಮಕ್ಕಳು ಬೇಗ ಬರುತ್ತಾರೆ. ಪಪ್ಪಾಯಿ ಯಾರಿಗೂ ತೊಂದರೆ ಕೊಟ್ಟಿಲ್ಲ, ಲಂಟಾನಾ ಬೆಳೆದಲ್ಲಿ ಬೇರೆ ಗಿಡಕ್ಕೆ ಜಾಗ ಬಿಡುವುದಿಲ್ಲ. ಲಂಟಾನಾ ಪೊದೆಯ ಕೆಳಗೆ ಬಗ್ಗಿ ನೋಡಲು ಹೇಳಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ವರ್ಷವಿಡೀ ಒಂದು ಮರ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡಲು ಸಮಯ ಇದೆ ಎಂದರೆ ಇದನ್ನು ಮಾಡಿ.

ಸೀಸನ್‌ವಾಚ್ ಎಂಬ ಭಾರತದ್ದೇ ಯೋಜನೆ ಇದೆ. ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದೇ ಮರವನ್ನು ನೋಡುವುದು. ಚಿಗುರು, ಬಲಿತ ಎಲೆ, ಮೊಗ್ಗು, ಹೂ, ಕಾಯಿ, ಹಣ್ಣು, ಒಂದೊಂದೂ ಇಲ್ಲವೋ, ಸ್ವಲ್ಪ ಇದೆಯೋ, ಜಾಸ್ತಿ ಇದೆಯೋ ಎಂದು ದಾಖಲಿಸುವುದು. ಐದು ನಿಮಿಷದ ಕೆಲಸ. ದೇಶದ ಬೇರೆ ಬೇರೆ ಕಡೆಯ ಶಾಲೆ ಮಕ್ಕಳೂ ದೊಡ್ಡವರೂ ಹೀಗೆ ಕಳಿಸಿದ ಮಾಹಿತಿಯಿಂದ ಹವಾಮಾನ ಬದಲಾದಂತೆ ಮರಗಳ ಕಾಲವೂ ಬದಲಾಗುತ್ತಿದೆಯೇ ಎಂದು ನೋಡುತ್ತಾರೆ. ಹಲಸು, ಮಾವು, ಹುಣಸೆ, ಕಕ್ಕೆ ಎಲ್ಲ ಅವರ ಪಟ್ಟಿಯಲ್ಲಿವೆ.

ನಾವು ಹಲಸು ಆರಿಸಿದೆವು. ಮೊದಲ ಚಳಿಗಾಲದಲ್ಲೇ ಮಗಳಿಗೆ ಗಾಬರಿ. ಚಿಕ್ಕ ಮಿಡಿಗಳು ಕಪ್ಪಾಗಿ ರಾಶಿ ರಾಶಿ ಉದುರುತ್ತಿವೆ, ಮರಕ್ಕೆ ರೋಗ ಬಂದಿದೆ ಎಂದಳು. ಹುಡುಕಿ ಓದಿದೆವು. ಹಲಸಿನಲ್ಲಿ ಗಂಡು ಹೂಗೊಂಚಲು, ಹೆಣ್ಣು ಹೂಗೊಂಚಲು ಬೇರೆ ಬೇರೆ, ಒಂದೇ ಮರದಲ್ಲಿ ಇರುತ್ತವೆ. ಗಂಡು ಗೊಂಚಲು ಪರಾಗ ಉದುರಿಸಿದ ಮೇಲೆ ಕಪ್ಪಾಗಿ ಬೀಳುತ್ತದೆ. ಹೆಣ್ಣು ಗೊಂಚಲು ನಿಂತು ಹಣ್ಣಾಗುತ್ತದೆ. ನಾನು ಹಲಸಿನ ಮರದ ಕೆಳಗೇ ಬೆಳೆದವಳು. ಇದನ್ನು ತಿಳಿದದ್ದು ಮಗಳ ಜೊತೆ.

ಮರ ಆರಿಸಲು ಮಲೆನಾಡಿನ ವರ್ಷವನ್ನು ನೆನಪಿನಲ್ಲಿಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಮುತ್ತುಗ, ಬೂರುಗ ಎಲೆ ಉದುರಿಸಿ ಬರೀ ಹೂವಾಗಿ ನಿಲ್ಲುತ್ತವೆ. ಏಪ್ರಿಲ್, ಮೇ ಕಕ್ಕೆಯ ಹಳದಿ ಗೊಂಚಲಿಗೆ. ಮಳೆ ಶುರುವಾಗುವ ಹೊತ್ತಿಗೆ ಮರದ ಮೇಲೆ ಸೀತಾಳೆ ಎಂಬ ಆರ್ಕಿಡ್ ದಂಡೆ ಇಳಿಬಿಡುತ್ತದೆ, ನೇರಳೆ ಹಣ್ಣು ನಾಲಿಗೆ ಬಣ್ಣ ಮಾಡುತ್ತದೆ. ಗೌರಿ ಹಬ್ಬಕ್ಕೆ ಬೇಲಿ ತುಂಬಾ ಹೂ. ಮಗು ಶಾಲೆಗೆ ಹೋಗುವ ದಾರಿಯಲ್ಲಿರುವ ಮರವಾದರೆ ಮರೆಯುವುದಿಲ್ಲ.

ಕಿವಿಗೂ ಕೆಲಸ ಕೊಡಿ

ಗಿಡ ನೋಡಲು ಹೋದ ಮಗು ಹಕ್ಕಿ ಕೇಳಿಸಿಕೊಂಡು ಬರುತ್ತದೆ. ಮರ್ಲಿನ್ ಎಂಬ ಆ್ಯಪ್ ಹಕ್ಕಿಯ ದನಿ ಕೇಳಿ ಹೆಸರು ಸೂಚಿಸುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ್ದು, ಉಚಿತ. ನಮ್ಮ ಕಡೆಯ ಹಕ್ಕಿಗಳ ಕಟ್ಟನ್ನು ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಬೇಡ.

ಕುಟ್ರುಹಕ್ಕಿಯಿಂದ ಶುರು ಮಾಡಿ. ಅದರ ಹೆಸರೇ ಅದರ ಕೂಗು. ಮಗು ಮೊದಲು ಕಣ್ಣು ಮುಚ್ಚಿ ಕೇಳಿ, ಎಷ್ಟು ಬಗೆಯ ದನಿ ಎಂದು ಬೆರಳೆಣಿಸಲಿ, ಆಮೇಲೆ ಆ್ಯಪ್ ತೆರೆಯಲಿ. ಭೀಮರಾಜ ಕಾಜಾಣ ಬೇರೆ ಹಕ್ಕಿಗಳ ದನಿ ಅನುಕರಿಸುತ್ತದೆ, ಆ್ಯಪ್ ಮೋಸ ಹೋಗಬಹುದು. ರೆಕಾರ್ಡ್ ಮಾಡಿದ ಕೂಗನ್ನು ಜೋರಾಗಿ ಹಾಕಿ ಹಕ್ಕಿಯನ್ನು ಕರೆಯುವುದು ಬೇಡ, ಗೂಡಿನ ಕಾಲದಲ್ಲಂತೂ ಬೇಡವೇ ಬೇಡ. ಮಳೆಗಾಲದಲ್ಲಿ ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಗೋ, ಸೊರಬದ ಗುಡವಿಗೋ ಒಮ್ಮೆ ಕರೆದುಕೊಂಡು ಹೋದರೆ ಗೂಡು ಕಟ್ಟಿದ ನೀರುಹಕ್ಕಿಗಳನ್ನು ಕಣ್ತುಂಬ ನೋಡಬಹುದು.

ಓದಲು, ನೋಡಲು

ಕನ್ನಡದಲ್ಲಿ ಓದಿಸಲು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ನನಗೆ ಬಹಳ ಇಷ್ಟ. 2015ರಲ್ಲಿ ಶುರುವಾದ ತಾಣ. ಮರ, ಬೀಜ, ಹುಳ, ಹಕ್ಕಿಗಳ ಬಗ್ಗೆ ಕನ್ನಡದ ಚಿತ್ರಪುಸ್ತಕಗಳಿವೆ. ಓದಿನ ಮಟ್ಟಕ್ಕೆ ತಕ್ಕಂತೆ ಆರಿಸಬಹುದು, ಇಳಿಸಿಕೊಂಡು ಪ್ರಿಂಟ್ ಕೂಡ ಮಾಡಬಹುದು. ಹಕ್ಕಿಗಳಿಗೆ ಅರ್ಲಿ ಬರ್ಡ್ ಎಂಬ ತಾಣದಲ್ಲಿ ಮಕ್ಕಳಿಗೆಂದೇ ಮಾಡಿದ ಸಾಮಗ್ರಿ ಸಿಗುತ್ತದೆ. ಶಾಲೆಯ ಪಾಠದ ಜೊತೆ ಜೋಡಿಸಬೇಕಾದರೆ ಪಠ್ಯಪುಸ್ತಕದ ಕ್ಯುಆರ್ ಕೋಡ್‌ನಿಂದ ಸರ್ಕಾರದ ಕಲಿಕಾ ತಾಣವಾದ ದೀಕ್ಷಾ ತೆರೆಯಿರಿ.

ವಿಡಿಯೊ ಕಡಿಮೆ ಇರಲಿ. ಬೀಜ ಮೊಳೆಯುವುದನ್ನು ವೇಗವಾಗಿ ತೋರಿಸುವಂಥವು ಚೆನ್ನಾಗಿರುತ್ತವೆ, ಯಾಕೆಂದರೆ ಅದನ್ನು ಕಣ್ಣಿನಿಂದ ನೋಡಲಾಗದು. ನೋಡಿ ಮುಗಿದ ಕೂಡಲೇ ಒಂದು ಹಿಡಿ ಹೆಸರುಕಾಳು ನೆನೆಸಿ. ತಾನಾಗಿ ಮುಂದಿನ ವಿಡಿಯೊ ಶುರುವಾಗುವುದನ್ನು ಮೊದಲೇ ನಿಲ್ಲಿಸಿಡಿ.

ದೊಡ್ಡ ಮಕ್ಕಳಿಗೆ ಗೂಗಲ್ ಅರ್ಥ್ ತೋರಿಸಿ. ಮೊದಲು ಮನೆ ಹುಡುಕಲಿ, ಆಮೇಲೆ ತೋಟ, ಅದರ ಮೇಲಿನ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು). 1984ರಿಂದ ಈಚೆಗೆ ನೆಲ ಹೇಗೆ ಬದಲಾಯಿತು ಎಂದು ತೋರಿಸುವ ಟೈಮ್‌ಲ್ಯಾಪ್ಸ್ ಇದೆ. ಶರಾವತಿ ಹಿನ್ನೀರಿನ ಸುತ್ತ ಸುಮ್ನೆ ಓಡಾಡಿ. ಕಾನು, ಅಂದರೆ ತಾನಾಗಿ ಬೆಳೆದ ದಟ್ಟ ಕಾಡು ಯಾವುದು, ನೆಡುತೋಪು ಯಾವುದು ಎಂದು ಮೇಲಿನಿಂದಲೇ ಗುರುತಿಸಲು ಮಕ್ಕಳು ಬೇಗ ಕಲಿಯುತ್ತಾರೆ. ನೆಡುತೋಪಿನ ಅಂಚು ಗೆರೆ ಎಳೆದಂತೆ ನೇರವಾಗಿರುತ್ತದೆ.

ಕಾಡಿನ ಕಡೆ ಹೋಗುವಾಗ

ಆ್ಯಪ್ ನೋಡಿಕೊಂಡು ಯಾವ ಸೊಪ್ಪನ್ನೂ, ಹಣ್ಣನ್ನೂ, ಅಣಬೆಯನ್ನೂ ತಿನ್ನುವಂತಿಲ್ಲ. ಇದು ನಮ್ಮ ಮನೆಯ ಕಟ್ಟುನಿಟ್ಟಿನ ನಿಯಮ. ಮನೆಯ ಹಿರಿಯರು ತಿಂದು ಗೊತ್ತಿದ್ದರೆ ಮಾತ್ರ. ಕಾಸರಕ, ಉಮ್ಮತ್ತಿ, ಕಣಗಿಲೆ, ಅಗ್ನಿಶಿಖೆ ಇವುಗಳನ್ನು ಮಕ್ಕಳಿಗೆ ಮೊದಲೇ ತೋರಿಸಿ, ಮುಟ್ಟಬಾರದೆಂದು ಹೇಳಿ. ಕಾಡುಗೇರು ಜಾತಿಯ ಮರಗಳ ಸೊನೆ ತಾಗಿದರೆ ಮೈ ಗುಳ್ಳೆ ಏಳುತ್ತದೆ.

ಮಂಗನ ಕಾಯಿಲೆಯ ವಿಷಯ ಮಲೆನಾಡಿನ ತಂದೆತಾಯಿಗೆ ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಅದು ಮೊದಲು ಕಂಡದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಉಣುಗು ಕಚ್ಚುವುದರಿಂದ ಹರಡುತ್ತದೆ. ಮಳೆ ನಿಂತ ಮೇಲೆ, ನವೆಂಬರ್‌ನಿಂದ ಮೇ ವರೆಗೆ, ಆರೋಗ್ಯ ಇಲಾಖೆ ಎಚ್ಚರಿಕೆ ಕೊಟ್ಟ ಕಡೆಗಳಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯಬೇಡಿ. ಅಂಗಳ, ಹಿತ್ತಿಲೇ ಸಾಕು. ಬೇರೆ ಕಡೆಯಾದರೂ ಉದ್ದ ತೋಳಿನ ಅಂಗಿ, ಕಾಲ್ಚೀಲದೊಳಗೆ ಸಿಕ್ಕಿಸಿದ ಪ್ಯಾಂಟು ಇರಲಿ. ಬಂದ ಕೂಡಲೇ ಬಟ್ಟೆ ಬದಲಿಸಿ, ಬಿಸಿನೀರಿನ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕು‍ಳು ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಳೆಗಾಲದ ಇಂಬಳ ಇದರ ಮುಂದೆ ಏನೂ ಅಲ್ಲ, ಉಪ್ಪಿನ ಬಟ್ಟೆ ಸಾಕು.

ಸೀತಾಳೆಯಂಥ ಕಾಡಿನ ಹೂ ಕಂಡರೆ ಫೋಟೊ ಸಾಕು, ಕಿತ್ತು ತರಬಾರದು. ಅಪರೂಪದ ಗಿಡ ಇರುವ ನಿಖರ ಜಾಗವನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಾಕಬಾರದು. ಅದನ್ನು ನೋಡಿ ಬುಡ ಸಮೇತ ಎಬ್ಬಿಸಿಕೊಂಡು ಹೋಗುವವರಿದ್ದಾರೆ.

ನೆಟ್‌ವರ್ಕ್ ಇಲ್ಲದ ಮನೆಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು, ನೆಟ್ಟು ಎರಡನ್ನೂ ನಂಬುವಂತಿಲ್ಲ. ನಾವು ಮೇ ಕೊನೆಯಲ್ಲಿ ಪೇಟೆಗೆ ಹೋದಾಗ ಎಲ್ಲ ಇಳಿಸಿಕೊಂಡು ಬರುತ್ತೇವೆ. ಸೀಕ್, ಮರ್ಲಿನ್‌ನ ಹಕ್ಕಿಕಟ್ಟು, ಸ್ಟೋರಿವೀವರ್‌ನ ಹತ್ತು ಪುಸ್ತಕ. ಮಳೆಯಲ್ಲಿ ತೆಗೆದ ಫೋಟೊಗಳು ಫೋನಿನಲ್ಲೇ ಇರಲಿ, ನೆಟ್ ಸಿಕ್ಕಾಗ ಹಾಕಿದರಾಯಿತು. ಫೋಟೊದಲ್ಲಿ ತೆಗೆದ ದಿನಾಂಕ ಉಳಿದಿರುತ್ತದೆ. ಮನೆಯಲ್ಲಿ ಸ್ಮಾರ್ಟ್‌ಫೋನ್ ಒಂದೇ, ಅದೂ ಅಪ್ಪನ ಜೊತೆ ಪೇಟೆಗೆ ಹೋಗುತ್ತದೆ ಎಂದರೆ ವಾರಕ್ಕೊಂದು ಭಾನುವಾರದ ಒಂದು ಗಂಟೆ ಸಾಕು. ವಾರವಿಡೀ ಪ್ರಶ್ನೆ ನೋಟ್‌ಬುಕ್ಕಿನಲ್ಲಿ ಸೇರುತ್ತಾ ಇರಲಿ.

ಹೆಸರು ಸಿಗದ ಗಿಡಗಳು

ಕೆಲವಕ್ಕೆ ಹೆಸರು ಸಿಗುವುದಿಲ್ಲ. ಆ್ಯಪ್ ಕುಟುಂಬದವರೆಗೆ ಬಂದು ನಿಲ್ಲುತ್ತದೆ, ಅಜ್ಜಿಗೆ ಗೊತ್ತಿರುವುದಿಲ್ಲ, ಫೋಟೊ ಹಾಕಿ ತಿಂಗಳಾದರೂ ಯಾರೂ ಏನೂ ಹೇಳುವುದಿಲ್ಲ. ಆಗ ನೀವು ಊಹೆಯ ಹೆಸರು ತುಂಬಿಸಬೇಡಿ. ನೋಟ್‌ಬುಕ್ಕಿನಲ್ಲಿ ಆ ಸಾಲು ಖಾಲಿ ಇರಲಿ. ಬಹಳಷ್ಟು ಗಿಡಗಳ ಗುರುತು ಹೂವಿನಲ್ಲಿ ಇರುತ್ತದೆ, ಹೂ ಬಿಡುವವರೆಗೆ ಕಾಯಬೇಕಾಗುತ್ತದೆ.

ನಮ್ಮ ಬಾವಿಕಟ್ಟೆಯ ಪಕ್ಕ, ದರೆಯ ಮೇಲೆ ಅಂಥದೊಂದು ಬಳ್ಳಿ ಇದೆ. ಎಲೆ ಹೃದಯದ ಆಕಾರ, ಕೆಳಭಾಗ ನೇರಳೆ. ಮಗಳು ಅದಕ್ಕೆ "ಬಾವಿಬಳ್ಳಿ" ಎಂದು ಹೆಸರಿಟ್ಟಿದ್ದಾಳೆ. ಹೋದ ವರ್ಷ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಅದು ಹೂ ಬಿಟ್ಟಿತೋ ಇಲ್ಲವೋ ನಾವು ನೋಡಲಿಲ್ಲ. ಈ ಸಲ ಅದರ ಪಕ್ಕ ಒಂದು ಕೋಲು ನೆಟ್ಟು, ಕಳೆ ತೆಗೆಯುವಾಗ ಸವರದಂತೆ ಕೆಂಪು ಬಟ್ಟೆ ಕಟ್ಟಿದ್ದಾಳೆ. ದಿನಾ ಶಾಲೆಗೆ ಹೊರಡುವ ಮೊದಲು ಹೋಗಿ ಮೊಗ್ಗು ಇದೆಯಾ ಎಂದು ನೋಡಿ ಬರುತ್ತಾಳೆ.